ಐದು ಜನರ ಪಾಲಿನ ಮೀನು

ಕಳೆದ ಭಾನುವಾರ ಮಧ್ಯಾಹ್ನ ನನ್ನ ಮಾರುತಿ ಕಾರಿನ ಡಿಕ್ಕಿಯಲ್ಲಿ ಐದು ಜನರಿಗೆ ಸಾಕಾಗುವಷ್ಟು ಮೀನಿತ್ತು. ಆಗಷ್ಟೇ ಕಡಲಿನಿಂದ ಬಂದ ಮೀನು. ಬೂತಾಯಿ, ಬಂಗುಡೆ, ಮೇಲೊಂದಿಷ್ಟು ಕಾಣೆ ಮೀನು.

ನಾನು ಮೀನು ತಿನ್ನುವವಳಲ್ಲ. ಆ ಐದು ಜನರಲ್ಲಿ ನಾಲ್ವರು ಈ ಭೂಮಿಯ ಮೇಲೆ ಇರಲೂ ಇಲ್ಲ.

ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ. (ಹುಟ್ಟಿದ್ದರಲ್ಲವೇ ಸಾಯುವುದು?) ಮೊದಲಿನಿಂದಲೇ ಹೇಳುತ್ತೇನೆ.

ಈ ಅಂಕಣ ಓದುವ ನಿಮಗೆ ಗೊತ್ತಿರುವ ಹಾಗೆ, ನಾನು ಪಾಣೆಮಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ಒಬ್ಬಳೇ ಇರುವವಳು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಎಂದು ಕೇಳುವವರ ಉತ್ಸಾಹವೂ ಈಗ ಇಳಿದಿದೆ, ಅಷ್ಟು ವಯಸ್ಸಾಗಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಇಡೀ ಸ್ಟಾಫ್ ರೂಮಿಗೆ ಸ್ವೀಟ್ ಹಂಚಿದ್ದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಇನ್ನು ಎಲ್ಲಿಗಾದ್ರೂ ಹೋಗುವ ಮಾರಾಯ್ತಿ!"

ಕಾರು ಬಂದು ಎರಡು ವರ್ಷವಾಯಿತು. ಅದು ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ ಓಡುತ್ತಿದೆ. ಹೋಗುವ ಎಂದವರೆಲ್ಲ ತಮ್ಮ ತಮ್ಮ ಮನೆಗೆ ಹೋದರು.

ಕೊನೆಗೂ ಈ ತಿಂಗಳು ಒಂದು ಪ್ಲಾನ್ ಆಯಿತು. ನಾನು, ಮೂಡುಬಿದಿರೆಯಿಂದ ಬರುವ ಗ್ಲಾಡಿಸ್, ಇನ್ನೊಬ್ಬಳು ಸುಮ. ಮೂವರೂ ಒಂದೇ ಸ್ಟಾಫ್ ರೂಮಿನವರು. ಶನಿವಾರ ಮಧ್ಯಾಹ್ನ ಹೊರಡುವುದು. ಕಡಲ ಬದಿಯ ರಸ್ತೆ ಹಿಡಿದು ಸಸಿಹಿತ್ಲು, ಹೆಜಮಾಡಿ, ಉಚ್ಚಿಲ, ಕಾಪು ಅಂತ ಒಂದೊಂದೇ ಮೀನುಗಾರರ ಊರು ನೋಡುತ್ತಾ ಮಲ್ಪೆ ತನಕ ಹೋಗುವುದು. ಉಡುಪಿಯಲ್ಲಿ ಉಳಿದು ಭಾನುವಾರ ವಾಪಸ್.

ನೋಡಿ, ಬಂಟ್ವಾಳದ ಕಡೆಯವರಾದ ನಮ್ಮದು ವಿಚಿತ್ರ. ಸಮುದ್ರ ಇಲ್ಲಿಂದ ಒಂದು ಗಂಟೆಯ ದಾರಿ. ದಿನಾ ಬೆಳಿಗ್ಗೆ ಮೀನಿನವನ ಹಾರನ್ ಪೋಂ ಪೋಂ ಅಂತ ಓಣಿಗೆ ಬಂದರೆ ಊರಿಗೆ ಊರೇ ಪಾತ್ರೆ ಹಿಡಿದು ಓಡುತ್ತದೆ. ಆ ಮೀನು ಹಿಡಿಯುವವರ ಊರು ಹೇಗಿದೆ ಎಂದು ಹೋಗಿ ನೋಡಿದವರು ಎಷ್ಟು ಜನ? ಬೆಂಗಳೂರಿನಿಂದ ನೆಂಟರು ಬಂದರೆ ಮಾತ್ರ ನಮಗೆ ಸಮುದ್ರ ನೆನಪಾಗುವುದು. (ನನ್ನ ಮನೆಗೆ ನೆಂಟರೂ ಬರುವುದಿಲ್ಲ. ಹಾಗಾಗಿ ಸಮುದ್ರವೂ ಇಲ್ಲ.)

ಶುಕ್ರವಾರ ಸುಮ ಬಂದು ಮುಖ ಸಣ್ಣ ಮಾಡಿದಳು. ನಾದಿನಿಯ ಮಗುವಿಗೆ ತೊಟ್ಟಿಲು ಹಾಕುವುದಂತೆ. ಸರಿ. ಮಧ್ಯಾಹ್ನ ಗ್ಲಾಡಿಸ್. "ಕಸಿನ್‌ದು ರೋಸ್ ಮಾರಾಯ್ತಿ, ನಂಗೆ ಮರ್ತೇ ಹೋಗಿತ್ತು. ನೀನು ಹೋಗಿ ಬಾ, ಬಂದು ಹೇಳು ಆಯ್ತಾ?" (ರೋಸ್ ಅಂದರೆ ಅವರಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಅದನ್ನು ಮರೆಯುವುದು ಸಾಧ್ಯವೇ?)

ನನಗೆ ಹಠ ಬಂತು. ಒಬ್ಬಳೇ ಹೋಗುತ್ತೇನೆ, ಏನೀಗ? ಉಡುಪಿಯ ಲಾಡ್ಜಿಗೆ ಫೋನ್ ಮಾಡಿದೆ. ಮೂವರು ಅಂದಾಗ ರೂಮು ಕೊಡುತ್ತೇನೆ ಎಂದಿದ್ದ ಅದೇ ಮನುಷ್ಯ.

"ಎಷ್ಟು ಜನ ಮೇಡಂ?"

"ಒಬ್ಬಳು."

"ಒಬ್ರೇಯಾ?" ಆಚೆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದು. "ರೂಮು ಫುಲ್ ಆಗಿದೆ ಮೇಡಂ."

ಮೂವರಿಗೆ ಖಾಲಿ ಇರುವ ರೂಮು ಒಬ್ಬಳಿಗೆ ಹೇಗೆ ಫುಲ್ ಆಗುತ್ತದೆ? ಇಷ್ಟು ವರ್ಷ ಅರ್ಥಶಾಸ್ತ್ರ ಕಲಿಸಿದ ನನಗೆ ಈ ಲೆಕ್ಕ ಇವತ್ತಿಗೂ ಅರ್ಥವಾಗಿಲ್ಲ. ಕೊನೆಗೆ ಎರಡು ದಿನದ ಟ್ರಿಪ್ ಒಂದು ದಿನಕ್ಕೆ ಬಂತು. ಭಾನುವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ, ಹೋಟೆಲಿನಿಂದ ಕಟ್ಟಿಸಿದ ಬನ್ಸ್, ಕ್ಯಾಮೆರಾ ಎಲ್ಲ ಹಿಡಿದುಕೊಂಡು ಹೊರಟೆ. ಕ್ಯಾಮೆರಾ ಮುಂದಿನ ಸೀಟಿನಲ್ಲಿ ಕೂತಿತು.

ಸಸಿಹಿತ್ಲು ಚಂದದ ಊರು. ನದಿ ಬಂದು ಕಡಲು ಸೇರುವ ಜಾಗ. ದೋಣಿಗಳ ಫೋಟೋ ತೆಗೆದೆ. ಒಣಗಲು ಹಾಕಿದ ಮೀನು, ಬಲೆ ಹೊಲಿಯುವ ಅಜ್ಜ, ಕಾಗೆ, ಎಲ್ಲದರ ಫೋಟೋ ತೆಗೆದೆ. ರೋಲ್ ತೊಳೆಸಿದರೆ ಒಂದರಲ್ಲೂ ನಾನಿರುವುದಿಲ್ಲ ಎಂದು ಹೊಳೆದದ್ದು ಆಮೇಲೆ. ಗೂಡಂಗಡಿಯಲ್ಲಿ ಚಾ ಕುಡಿಯಲು ನಿಂತರೆ ಅಂಗಡಿಯವರು ಕಾರಿನೊಳಗೆ ಇಣುಕಿ ನೋಡಿ, "ಒಬ್ರೇ ಬಂದದ್ದಾ? ಯಾರನ್ನಾದ್ರೂ ಹುಡುಕ್ತಾ ಇದ್ದೀರಾ?" ಅಂದರು.

"ಇಲ್ಲ, ಸುಮ್ಮನೆ ಬಂದೆ."

"ಸುಮ್ಮನೆಯಾ?"

ನೀರಿನ ಹತ್ತಿರ ಹೋಗಿ ನಿಂತೆ. ಅಲೆ ಬಂದು ಕಾಲು ತೊಳೆಯಿತು. ಹಿಂದೆ ತಿರುಗಿದರೆ ಇಬ್ಬರು ಗಂಡಸರು ನನ್ನನ್ನೇ ನೋಡುತ್ತಿದ್ದಾರೆ. ಅವರಲ್ಲೊಬ್ಬ ಹತ್ತಿರ ಬಂದು ತುಂಬ ಮೆತ್ತಗೆ ಹೇಳಿದ: "ಅಕ್ಕ, ಮುಂದೆ ಹೋಗ್ಬೇಡಿ. ಇಲ್ಲಿ ಸೆಳೆತ ಉಂಟು. ಏನಿದ್ರೂ ಮನೆಯವರ ಹತ್ರ ಮಾತಾಡಿ ಸರಿ ಮಾಡ್ಲಿಕ್ಕೆ ಆಗ್ತದೆ."

ನಾನು ಸಾಯಲು ಬಂದಿದ್ದೇನೆ ಅಂತ ಅವನ ಎಣಿಕೆ!

ನಗು ಬಂತು. ಕಾರಿನಲ್ಲಿ ಬಂದು ಕೂತ ಮೇಲೆ ನಗು ಬರಲಿಲ್ಲ. ಒಬ್ಬಳು ಹೆಂಗಸು ಭಾನುವಾರ ಬೆಳಿಗ್ಗೆ ಸಮುದ್ರ ನೋಡಬೇಕೆಂದು ಸಮುದ್ರ ನೋಡಲು ಬರುವ ಹಾಗೇ ಇಲ್ಲವೇ? ಬನ್ಸ್ ಬಿಚ್ಚಿ ಅರ್ಧ ತಿಂದೆ. ಮೂವರ ಲೆಕ್ಕ ತಲೆಯಲ್ಲಿದ್ದು ಜಾಸ್ತಿ ಕಟ್ಟಿಸಿದ್ದೆ. ಉಳಿದದ್ದನ್ನು ಕಾಗೆಗೆ ಹಾಕಿ ಮುಂದೆ ಹೊರಟೆ.

ಹೆಜಮಾಡಿಯಲ್ಲಿ ಕೈರಂಪಣಿ ಎಳೆಯುತ್ತಿದ್ದರು.

ನೋಡದವರಿಗೆ ಹೇಳುತ್ತೇನೆ. ದೋಣಿಯಲ್ಲಿ ದೊಡ್ಡ ಬಲೆಯನ್ನು ಕಡಲಿಗೆ ಒಯ್ದು ಅರ್ಧಚಂದ್ರಾಕಾರಕ್ಕೆ ಬಿಟ್ಟು ಬರುತ್ತಾರೆ. ಅದರ ಎರಡೂ ತುದಿಯ ಹಗ್ಗ ದಡದಲ್ಲಿರುತ್ತದೆ. ಒಂದೊಂದು ಹಗ್ಗಕ್ಕೆ ಒಂದೊಂದು ಸಾಲು ಜನ. ಮೋಟಾರು ಇಲ್ಲ, ಮಿಷನ್ ಇಲ್ಲ, ಕೈಯಿಂದಲೇ ಎಳೆಯುವುದು. ಊರವರೆಲ್ಲ ಬರುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಬಂದ ಮೀನಿನಲ್ಲಿ ಒಂದು ಪಾಲು. ನೀನು ಯಾರು, ಯಾವ ಊರು, ಇವತ್ತು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ.

ನಾನು ಕ್ಯಾಮೆರಾ ಹಿಡಿದು ಹತ್ತಿರ ನಿಂತಿದ್ದೆ. ಸಾಲಿನಲ್ಲಿದ್ದ ಒಬ್ಬರು ವಯಸ್ಸಾದ ಹೆಂಗಸು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದವರು, ನನ್ನ ಕಡೆ ತಿರುಗಿ ಜೋರು ಮಾಡಿದರು. "ಪಟ ಆಮೇಲೆ ತೆಗೀಬಹುದು. ಪತ್ತುಲೆ!"

ಪತ್ತುಲೆ ಅಂದರೆ ತುಳುವಿನಲ್ಲಿ ಹಿಡಿಯಿರಿ ಅಂತ. ಕ್ಯಾಮೆರಾ ಕುತ್ತಿಗೆಗೆ ನೇತು ಹಾಕಿ ಹಗ್ಗ ಹಿಡಿದೆ.

ಮೀನು ತಿನ್ನದ ನಾನು ಮೀನು ಹಿಡಿಯುವ ಹಗ್ಗ ಎಳೆದದ್ದು ಸರಿಯಾ, ತಪ್ಪಾ? ಅದನ್ನು ನೀವು ಪತ್ರ ಬರೆದು ತಿಳಿಸುತ್ತೀರಿ ಎಂದು ಗೊತ್ತು. ಆದರೆ ಆ ಹೊತ್ತಿಗೆ ನನಗೆ ಅದೊಂದೂ ತಲೆಗೆ ಬರಲಿಲ್ಲ. ಮುಂದಿನವನ ಬೆನ್ನಿನ ಬೆವರು ನನ್ನ ಕೈಗೆ ತಾಗುತ್ತಿತ್ತು, ಹಿಂದಿನವರ ಮೊಣಕೈ ನನ್ನ ಪಕ್ಕೆಗೆ ಬಡಿಯುತ್ತಿತ್ತು. ಎಲ್ಲರೂ ಒಟ್ಟಿಗೆ "ಓ ಬೇಲೆ" ಅಂತ ಏನೋ ಕೂಗುತ್ತಿದ್ದರು, ನಾನೂ ಕೂಗಿದೆ. ಜನರ ನಡುವೆ ಹೀಗೆ ಒತ್ತಿ ನಿಂತು ಎಷ್ಟು ಕಾಲವಾಗಿತ್ತು? ಬಸ್ಸಿನಲ್ಲಿ ಓಡಾಡುವಾಗಲಾದರೂ ಇತ್ತು. ಕಾರು ಕೊಂಡ ಮೇಲೆ ಅದೂ ಹೋಯಿತು. ಖುಷಿಯಾಯಿತು. ಬಾಯಿಬಿಟ್ಟು ಹೇಳುತ್ತೇನೆ, ತುಂಬ ಖುಷಿಯಾಯಿತು.

ಬಲೆ ದಡಕ್ಕೆ ಬಂತು. ಮೀನು ಮರಳಿನ ಮೇಲೆ ಕುಣಿಯಿತು. ಪಾಲು ಹಾಕಲು ಶುರು ಮಾಡಿದರು. ನಾನು ಚಪ್ಪಲಿ ಹುಡುಕಿಕೊಂಡು ಮೆಲ್ಲಗೆ ಜಾರುವವಳಿದ್ದೆ. ಆ ಹೆಂಗಸು ಕೈ ಹಿಡಿದು ನಿಲ್ಲಿಸಿದರು. ಜಲಜಕ್ಕ ಅಂತ ಅವರ ಹೆಸರು.

"ಎಲ್ಲಿಗೆ? ಪಾಲು ಬೇಡ್ವಾ?"

"ಬೇಡ ಜಲಜಕ್ಕ, ನಾನು ಸುಮ್ಮನೆ..."

"ಹಗ್ಗ ಹಿಡಿದ ಮೇಲೆ ಬೇಡ ಅನ್ಲಿಕ್ಕಿಲ್ಲ. ಪಾಲು ಬಿಟ್ಟು ಹೋದ್ರೆ, ಬಿಸಾಡಿದ್ರೆ, ನಾಳೆ ಬಲೆ ಖಾಲಿ ಬರ್ತದೆ. ನಮ್ಮ ಹೊಟ್ಟೆಗೆ ಹೊಡೀಬೇಡಿ." ಆಮೇಲೆ ತೊಟ್ಟೆಯೊಂದನ್ನು (ಪ್ಲಾಸ್ಟಿಕ್ ಚೀಲಕ್ಕೆ ನಮ್ಮಲ್ಲಿ ಹಾಗೇ ಹೇಳುವುದು) ಬಿಡಿಸುತ್ತಾ ಕೇಳಿದರು, "ಮನೆಯಲ್ಲಿ ಎಷ್ಟು ಜನ?"

ಅಲ್ಲಿಗೆ ಬಂತು ನೋಡಿ.

ಒಬ್ಬಳು ಅಂದರೆ ಆ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಅಯ್ಯೋ ಪಾಪ ಅನ್ನುವ ಮುಖ. ಸಸಿಹಿತ್ಲಿನಲ್ಲಿ ಆಗಷ್ಟೇ ನೋಡಿ ಬಂದಿದ್ದೆ. ಅರ್ಧ ಗಂಟೆಯಿಂದ ನಾನು ಈ ಸಾಲಿನಲ್ಲಿ ಎಲ್ಲರ ಹಾಗೆ ಒಬ್ಬಳಾಗಿದ್ದೆ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಐದು ಜನ" ಅಂದೆ.

"ಯಾರೆಲ್ಲ?"

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ನಾನು... ಅತ್ತೆ... ಎರಡು ಮಕ್ಕಳು..." ಎಣಿಸಿದರೆ ನಾಲ್ಕೇ ಆಯಿತು. ಒಬ್ಬರು ಕಡಿಮೆ. "ಮತ್ತೆ ಗಂಡ. ದುಬಾಯಿಯಲ್ಲಿರುವುದು. ಈಗ ರಜೆಯಲ್ಲಿ ಬಂದಿದ್ದಾರೆ."

ನಮ್ಮ ಜಿಲ್ಲೆಯಲ್ಲಿ ಗಂಡನನ್ನು ಹುಟ್ಟಿಸಬೇಕಾದರೆ ದುಬಾಯಿಯಲ್ಲಿ ಹುಟ್ಟಿಸುವುದು ಸುಲಭ. ಯಾರೂ ಸಾಕ್ಷಿ ಕೇಳುವುದಿಲ್ಲ. ಆದರೆ ಜಲಜಕ್ಕ ಸೊಂಟಕ್ಕೆ ಕೈ ಇಟ್ಟುಕೊಂಡರು.

"ರಜೆಯಲ್ಲಿ ಬಂದ ಗಂಡನನ್ನು ಮನೆಯಲ್ಲಿ ಬಿಟ್ಟು ಇಲ್ಲಿ ಹಗ್ಗ ಎಳೀತಾ ಇದ್ದೀರಾ? ಎಂತ ಹೆಂಗಸು ಮಾರಾಯ್ತಿ ನೀವು! ಹೋಗಿ ಹೋಗಿ, ಮಧ್ಯಾಹ್ನಕ್ಕೆ ಗಸಿ ಮಾಡಿ ಹಾಕಿ. ಅಲ್ಲಿ ಆ ಕುಬ್ಬೂಸ್ ರೊಟ್ಟಿ ತಿಂದು ತಿಂದು ನಾಲಗೆ ಸತ್ತಿರ್ತದೆ."

ಬೂತಾಯಿ ತುಂಬಿಸಿದರು. ಬಂಗುಡೆ ತುಂಬಿಸಿದರು. ಸಾಲದ್ದಕ್ಕೆ ತಮ್ಮ ಪಾಲಿನಿಂದ ಆರಿಸಿ ಆರಿಸಿ ಕಾಣೆ ಹಾಕಿದರು. "ಇದು ಮಕ್ಕಳಿಗೆ. ಮುಳ್ಳು ಕಡಿಮೆ. ಬೂತಾಯಿ ಕೊಡ್ಬೇಡಿ ಮಕ್ಕಳಿಗೆ, ಗಂಟಲಿಗೆ ಸಿಕ್ತದೆ." ಇಲ್ಲದ ಮಕ್ಕಳ ಗಂಟಲಿನ ಬಗ್ಗೆ ಅವರಿಗಿದ್ದ ಕಾಳಜಿ ನೋಡಿ, ಆಯ್ತು, ಕೊಡುವುದಿಲ್ಲ ಎಂದು ಮಾತು ಕೊಟ್ಟೆ. ಐಸಿನವನ ಹತ್ತಿರ ಐಸು ಕೇಳಿ ತಂದು ಹಾಕಿ, ಒಂದರ ಮೇಲೊಂದು ತೊಟ್ಟೆ ಕಟ್ಟಿ, ಡಿಕ್ಕಿಯಲ್ಲಿ ತಾವೇ ಇಟ್ಟರು.

ಕಾಪು, ಮಲ್ಪೆ ಎಲ್ಲ ಅಲ್ಲಿಗೇ ಬರ್ಖಾಸ್ತು. ಮೀನು ಇಟ್ಟುಕೊಂಡು ಊರು ನೋಡಲಾಗುತ್ತದೆಯೇ? ಮುಲ್ಕಿಯಿಂದ ಕಿನ್ನಿಗೋಳಿ ರಸ್ತೆಗೆ ತಿರುಗಿಸಿದೆ.

ನಂಬುತ್ತೀರೋ ಇಲ್ಲವೋ, ಕಿನ್ನಿಗೋಳಿಯ ತನಕ ಆ ಸಂಸಾರ ನನ್ನ ಜೊತೆಯಲ್ಲೇ ಇತ್ತು. ಅತ್ತೆಗೆ ಬಂಗುಡೆ ಪುಳಿಮುಂಚಿಯೇ ಆಗಬೇಕು. ಗಂಡನಿಗೆ ಬೂತಾಯಿ ಗಸಿ. ಮಕ್ಕಳಿಗೆ ಕಾಣೆ ಫ್ರೈ. ಮೂರು ನಮೂನೆ ಮಾಡಲು ನನಗೇನು ನಾಲ್ಕು ಕೈಯುಂಟಾ ಎಂದು ಅತ್ತೆಯ ಮೇಲೆ ನಿಜಕ್ಕೂ ಸಿಟ್ಟು ಬಂತು. (ಇಲ್ಲದ ಅತ್ತೆಯ ಜೊತೆ ಜಗಳ ಮಾಡಿದ ಮೊದಲ ಹೆಂಗಸು ನಾನೇ ಇರಬೇಕು.) ಒಂದು ಉಬ್ಬಿನಲ್ಲಿ ಕಾರು ಎಗರಿತು, ಡಿಕ್ಕಿಯಿಂದ ಗಮ್ಮಂತ ವಾಸನೆ ಬಂತು. ಅವರೆಲ್ಲ ಇಳಿದು ಹೋದರು. ಮೀನು ಮಾತ್ರ ಉಳಿಯಿತು.

ಇದನ್ನು ಯಾರಿಗೆ ಕೊಡುವುದು?

ಬಿಸಾಡುವ ಹಾಗಿಲ್ಲ. ತೆಂಗಿನ ಬುಡಕ್ಕೆ ಹಾಕಬಹುದಿತ್ತು, ಜಲಜಕ್ಕನಿಗೆ ಗೊತ್ತಾಗುವುದೂ ಇಲ್ಲ. ಆದರೆ ಮಕ್ಕಳಿಗೆ ಅಂತ ಆರಿಸಿ ಹಾಕಿದ ಕಾಣೆ! ಐಸು ಕರಗುವ ಮೊದಲು ಒಂದು ಮನೆ ಸಿಗಬೇಕು. ನಮ್ಮ ಕಡೆ ಮೀನು ಬೇಡ ಅನ್ನುವ ಮನೆ ಎಷ್ಟಿದೆ ಹೇಳಿ? ಯಾರ ಮನೆಯ ಬಾಗಿಲು ತಟ್ಟಿದರೂ ಆದೀತು. ಹಾಗೆಂದುಕೊಂಡೆ.

ಮೂಡುಬಿದಿರೆಗೆ ಬಂದು ಗ್ಲಾಡಿಸಳ ಮನೆ ಹುಡುಕಿದೆ. ರೋಸ್ ಇರುವುದು ಸಂಜೆಗಲ್ಲವೇ, ಮಧ್ಯಾಹ್ನ ಮನೆಯಲ್ಲೇ ಇರುತ್ತಾಳೆ ಎಂದು ನನ್ನ ಲೆಕ್ಕ. ಗೇಟಿಗೆ ಬೀಗ. ಒಳಗಿನಿಂದ ನಾಯಿ ಮಾತ್ರ ಬೊಗಳಿತು. ಪಕ್ಕದ ಮನೆಯವರು ಬಟ್ಟೆ ಒಣಗಿಸುತ್ತಾ ಹೇಳಿದರು, "ಅವರೆಲ್ಲ ಬೆಳಿಗ್ಗೆಯೇ ಮಿಜಾರಿಗೆ ಹೋದ್ರು. ರೋಸ್ ಉಂಟಲ್ಲ? ನೀವೂ ಅಲ್ಲಿಗೇ ಹೋಗುವುದಾ?"

ಅಲ್ಲಿಗೆ ಹೋಗುವುದು ಕಷ್ಟವೇನಲ್ಲ. ಆದರೆ ಕರೆಯದ ರೋಸಿಗೆ ಕೈಯಲ್ಲಿ ಮೀನಿನ ತೊಟ್ಟೆ ಹಿಡಿದುಕೊಂಡು? "ಇಲ್ಲ, ಇದೇ ದಾರಿಯಲ್ಲಿ ಹೋಗುತ್ತಿದ್ದೆ" ಅಂದೆ. ಅದೊಂದು ಮಾತು ಎಷ್ಟು ಉಪಕಾರಿ ನೋಡಿ. ಯಾರಿಗೂ ಬೇಡದವರು ಯಾವಾಗಲೂ ಇದೇ ದಾರಿಯಲ್ಲೇ ಹೋಗುತ್ತಿರುತ್ತಾರೆ.

ಕಾರಿನಲ್ಲಿ ಕೂತು ಯೋಚಿಸಿದೆ. ಇಷ್ಟು ವರ್ಷ ಕಲಿಸಿದ ಮಕ್ಕಳು ಎಷ್ಟೋ. ಸಹೋದ್ಯೋಗಿಗಳು ಎಷ್ಟೋ. ದಾರಿಯಲ್ಲಿ ನಮಸ್ಕಾರ ಮಾಡುವವರಿಗೆ ಲೆಕ್ಕವಿಲ್ಲ. ಭಾನುವಾರ ಮಧ್ಯಾಹ್ನ, ಹೇಳದೆ ಕೇಳದೆ, "ಇಗೋ ಮೀನು" ಅಂತ ಒಳಗೆ ನುಗ್ಗಬಹುದಾದ ಮನೆ? ನೀವೂ ಒಮ್ಮೆ ಬೆರಳು ಮಡಿಸಿ ನೋಡಿ.

ಒಂದು ಹೆಸರು ಹೊಳೆಯಿತು. ವಸಂತಿ! ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಒಂದೇ ಬಕೆಟ್, ಒಂದೇ ಬಾಚಣಿಗೆ. ಮೀನಿಲ್ಲದೆ ಅನ್ನ ಇಳಿಯದವಳು, ನನ್ನ ಎದುರು ಕೂತು ತಿನ್ನುವಾಗ "ಕಣ್ಣು ಮುಚ್ಚಿಕೊ" ಅನ್ನುತ್ತಿದ್ದವಳು. ಬೆಳ್ತಂಗಡಿ ಪೇಟೆ ದಾಟಿದ ಮೇಲೆ ಮನೆ. ಗೃಹಪ್ರವೇಶಕ್ಕೆ ಹೋಗಿದ್ದೆ. ಆಮೇಲೆ ಹೋಗಿಲ್ಲ. ಹೊಸ ವರ್ಷಕ್ಕೆ ಗ್ರೀಟಿಂಗ್ ಕಾರ್ಡ್ ಬರುತ್ತಿತ್ತು. ಯಾವಾಗ ನಿಂತಿತೋ?

ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಓಡಿಸಿದೆ. ಎಲ್ಲಾ ಕಿಟಕಿ ಇಳಿಸಿದರೂ ವಾಸನೆ. ಆದರೂ ಮನಸ್ಸು ಹಗುರ. ಇಷ್ಟು ಮೀನು ನೋಡಿದರೆ ಅವಳು ಕಿರುಚುತ್ತಾಳೆ, ನಾನು ಅವಳ ಅಡುಗೆಮನೆಯಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ, ಅಂತೆಲ್ಲ ಅಂದುಕೊಂಡು ಒಬ್ಬಳೇ ನಕ್ಕೆ.

ಅವಳ ಮನೆ ಜಗಲಿಯ ಚಿಟ್ಟೆಯ ಮೇಲೆ (ಕೂರುವ ಕಟ್ಟೆ) ಗುರುತಿಲ್ಲದ ಒಬ್ಬರು ಪೇಪರ್ ಓದುತ್ತಾ ಕೂತಿದ್ದರು.

"ವಸಂತಿ ಇದ್ದಾಳಾ?"

"ಓ, ಅವರಾ? ಅವರು ಫ್ಯಾಮಿಲಿ ಸಮೇತ ಬಹರೈನಿಗೆ ಹೋಗಿ ಎರಡು ವರ್ಷದ ಮೇಲಾಯ್ತಲ್ಲ? ನಾವು ಬಾಡಿಗೆಗೆ ಇರುವುದು. ನಿಮಗೆ ಗೊತ್ತಿಲ್ವಾ? ನೀವು ಯಾರಾಗ್ಬೇಕು?"

"ಫ್ರೆಂಡ್" ಅಂದೆ. ಹೇಳುವಾಗಲೇ ನಾಚಿಕೆಯಾಯಿತು.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಇವಳೆಂಥ ಫ್ರೆಂಡ್ ಅನ್ನುವ ನೋಟ. ಆದರೂ ಮೀನಿನ ಕೆಲಸ ಆಗಬೇಕಲ್ಲ? "ನಿಮ್ಮಲ್ಲಿ ಮೀನು ತಿನ್ನುತ್ತೀರಾ?" ಎಂದು ಕೇಳಿದೆ.

"ಛೆ ಛೆ, ನಾವು ತಿನ್ನುವವರಲ್ಲ."

"ನಾನೂ ಅಲ್ಲ" ಅಂದೆ.

"ಮತ್ತೆ?"

ಮತ್ತೆ ಏನು? ಕಾರು ಹತ್ತಿದೆ. ಬೆಳ್ತಂಗಡಿಯ ಪೇಟೆಯಲ್ಲೇ ಬದಿಗೆ ನಿಲ್ಲಿಸಿ ಅತ್ತೆ. ಹೌದು, ಅತ್ತೆ. ವಸಂತಿ ಹೇಳದೆ ಹೋದಳು ಎಂದಲ್ಲ. ಎರಡು ವರ್ಷ ನನಗೆ ಗೊತ್ತೇ ಆಗಲಿಲ್ಲ ಎಂದು. ಅವಳಿದ್ದಾಳೆ, ಅಲ್ಲೇ ಇದ್ದಾಳೆ, ಬೇಕಾದಾಗ ಹೋಗಬಹುದು ಎಂದುಕೊಂಡು ನಾನು ನಿಶ್ಚಿಂತೆಯಿಂದ ಇದ್ದೆ. ಆ ಬೇಕಾದಾಗ ಬಂದ ದಿನ ಚಿಟ್ಟೆಯ ಮೇಲೆ ಬೇರೆಯವರಿದ್ದರು.

ಮಡಂತ್ಯಾರಿನಲ್ಲಿ ಊಟದ ಹೋಟೆಲೊಂದರ ಎದುರು ನಿಲ್ಲಿಸಿ ಕೊನೆಯ ಪ್ರಯತ್ನ ಮಾಡಿದೆ. ಯಜಮಾನರು ತೊಟ್ಟೆಯೊಳಗೆ ಇಣುಕಿ, "ಎಷ್ಟಕ್ಕೆ ಕೊಡ್ತೀರಿ?" ಅಂದರು.

"ಮಾರುವುದಲ್ಲ. ಹಾಗೇ ಕೊಡುವುದು."

ಮುಖವೇ ಬದಲಾಯಿತು. "ಹಾಗೇ ಯಾಕೆ ಕೊಡ್ತೀರಿ? ಬೇಡ ಮೇಡಂ. ತಿಂದವರಿಗೆ ಏನಾದ್ರೂ ಆದ್ರೆ ನನ್ನ ಹೋಟೆಲಿನ ಹೆಸರು ಹಾಳಾಗ್ತದೆ."

ಮೀನನ್ನು ಯಾರಿಗೂ ಹಾಗೇ ಕೊಡಲಾಗುವುದಿಲ್ಲ. ಕೊಡಬೇಕಾದರೂ ಗುರುತು ಬೇಕು. ಅದು ನನಗೆ ಗೊತ್ತಿರಲಿಲ್ಲ.

ಬಿ.ಸಿ. ರೋಡ್ ದಾಟಿ, ಸೇತುವೆ ದಾಟಿ, ಓಣಿಗೆ ಬರುವಾಗ ಸಂಜೆಯಾಗಿತ್ತು. ಡಿಕ್ಕಿ ತೆರೆದು ನೋಡಿದರೆ ಐಸಿನ ನೀರು ಮ್ಯಾಟಿಗೆ ಇಳಿಯುತ್ತಿದೆ. ತೊಟ್ಟೆ ಹಿಡಿದುಕೊಂಡು ನನ್ನದೇ ಅಂಗಳದಲ್ಲಿ ನಿಂತೆ. ಒಳಗೆ ಹೋಗುವ ಹಾಗಿಲ್ಲ, ಹೊರಗೆ ಹೋಗಲು ಜಾಗವಿಲ್ಲ.

ಪಕ್ಕದ ಮನೆ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಅಬೂಬಕ್ಕರ್ ಅವರ ಮನೆ. ಅವರು ಸೌದಿಯ ದಮಾಮಿನಲ್ಲಿ ಕೆಲಸಕ್ಕಿರುವುದು, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ಅವರ ಹೆಂಡತಿ ಝೊಹರಾ, ಎರಡು ಮಕ್ಕಳು, ಅವರ ತಾಯಿ. ಹತ್ತು ವರ್ಷದಿಂದ ನಡುವೆ ಒಂದೇ ಒಂದು ಕಾಂಪೌಂಡ್. ಒಳ್ಳೆಯ ನೆರೆಕರೆ. ಜಗಳವಿಲ್ಲ, ತಂಟೆಯಿಲ್ಲ. ಪೆರ್ನಾಳ್ ಹಬ್ಬಕ್ಕೆ ಅವರು ನನಗೆ ಬಾಳೆಹಣ್ಣು, ಸಕ್ಕರೆ ಕಳಿಸುತ್ತಾರೆ. ಬೇಯಿಸಿದ್ದು ಕಳಿಸುವುದಿಲ್ಲ, ನಾನು ತಿನ್ನುವುದಿಲ್ಲ ಎಂದು ಗೊತ್ತು. ಅವರು ಮೀನು ಕಾಯಿಸುವಾಗ ನನ್ನ ಕಡೆಯ ಕಿಟಕಿ ಹಾಕಿಕೊಳ್ಳುತ್ತಾರೆ, ನನಗೆ ವಾಸನೆ ಬರಬಾರದೆಂದು. ನಾನೂ ನನ್ನ ಕಿಟಕಿ ಹಾಕಿಕೊಳ್ಳುತ್ತೇನೆ, ಅವರಿಗೆ ಸಂಕೋಚವಾಗಬಾರದೆಂದು. ಹೀಗೆ ಹತ್ತು ವರ್ಷ ಎರಡೂ ಕಿಟಕಿ ಮರ್ಯಾದೆಗೆ ಮುಚ್ಚಿಕೊಂಡಿವೆ. ಅಷ್ಟು ಮರ್ಯಾದೆ ಇರುವಲ್ಲಿಗೆ ಮೀನು ಹಿಡಿದುಕೊಂಡು ಹೋಗುವುದು ಹೇಗೆ? ಮಧ್ಯಾಹ್ನದಿಂದ ಮೂರು ಪೇಟೆ ಸುತ್ತಿದರೂ ಆ ಮನೆ ನನಗೆ ನೆನಪೇ ಆಗಿರಲಿಲ್ಲ.

"ಟೀಚರ್!" ಕಾಂಪೌಂಡಿನ ಆಚೆಯಿಂದ ಝೊಹರಾ. ಮೂಗು ಅರಳಿಸಿ ಗಾಳಿ ಹಿಡಿಯುತ್ತಿದ್ದಳು. "ನಿಮ್ಮ ಅಂಗಳದಲ್ಲಿ ಎಂತ ಮೀನಿನ ವಾಸನೆ? ಬೆಕ್ಕು ತಂದು ಹಾಕಿದ್ದಾ?"

"ಬೆಕ್ಕಲ್ಲ, ನಾನೇ ತಂದದ್ದು. ನಿಮಗೆ ಬೇಕಾ?"

ಅವಳು ಗೇಟಿನಿಂದ ಸುತ್ತಿಕೊಂಡು ಬರುವಷ್ಟೂ ಕಾಯಲಿಲ್ಲ. ಕಾಂಪೌಂಡಿನ ಮೇಲಿನಿಂದಲೇ ಕೈ ಚಾಚಿ ತೊಟ್ಟೆ ತೆಗೆದುಕೊಂಡಳು. ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿ ನೋಡಿದಳು. "ಕೆಂಪು ಉಂಟು, ಹಾಳಾಗ್ಲಿಲ್ಲ. ಮಾಮೀ, ಬನ್ನಿ, ಟೀಚರ್ ಮೀನು ತಂದಿದ್ದಾರೆ!" (ಮಾಮಿ ಅಂದರೆ ಅವಳ ಅತ್ತೆ.) "ಅಲ್ಲಿ ಎಂತ ನಿಂತದ್ದು ಟೀಚರ್? ಈಚೆ ಬನ್ನಿ."

ಹೋದೆ. ಅವರ ಹಿತ್ತಿಲು ಹೇಗಿದೆ ಎಂದು ಮೊದಲ ಸಲ ನೋಡಿದೆ. ಮಾಮಿ ಮೀನು ಕೊಯ್ಯಲು ಮೆಟ್ಟುಕತ್ತಿ ಹಾಕಿಕೊಂಡು ಕೂತರು, ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಮಕ್ಕಳಿಬ್ಬರೂ ಕಾಣೆ ಎಣಿಸಿ ನಿಂಗೆ ನಂಗೆ ಅಂತ ಜಗಳ ಶುರು ಮಾಡಿದರು. ಇಷ್ಟು ಮೀನು ಎಲ್ಲಿಂದ ಎಂದು ಕೇಳಿದರು. ಎಲ್ಲ ಹೇಳಿದೆ. ಜೊತೆಗೆ ಬರುತ್ತೇವೆ ಎಂದವರು ಬಾರದ್ದು, ಲಾಡ್ಜಿನವನು, ಸಸಿಹಿತ್ಲಿನ ಗಂಡಸರು, ಹಗ್ಗ, ಜಲಜಕ್ಕ. ಐದು ಜನ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ.

"ಐದು ಜನ ಯಾರೆಲ್ಲ ಹೇಳಿದ್ರಿ?" ಝೊಹರಾಗೆ ನಗು ತಡೆಯುತ್ತಿರಲಿಲ್ಲ.

"ಗಲ್ಫಿನಲ್ಲಿರುವ ಗಂಡ. ಅತ್ತೆ. ಎರಡು ಮಕ್ಕಳು. ಮತ್ತೆ ನಾನು."

ಅವಳ ನಗು ಫಕ್ಕನೆ ನಿಂತಿತು. "ಅದು ನಮ್ಮ ಮನೆ ಅಲ್ವಾ ಟೀಚರ್?"

ಹೌದಲ್ಲ! ಒಂದು ಸಂಸಾರ ಬೇಕೆಂದು ಬಾಯಿ ತೆರೆದಾಗ ಸಿಕ್ಕಿದ್ದು ಕಾಂಪೌಂಡಿನ ಆಚೆಯದ್ದೇ. ನನಗೆ ಬೇರೆ ಮನೆ ಗೊತ್ತಿದ್ದರಲ್ಲವೇ? ಕೆಲಸವಿಲ್ಲದ ಸಂಜೆಗಳಲ್ಲಿ ನಾನು ಕೇಳುತ್ತಾ ಬಂದದ್ದು ಅವರ ಮನೆಯ ಸದ್ದನ್ನೇ.

ಮಾಮಿ ಇನ್ನೊಂದು ಬಂಗುಡೆ ಎತ್ತಿಕೊಂಡರು. ಝೊಹರಾ, ಬೂತಾಯಿ ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಯಾರೂ ಬರ್ಲಿಲ್ಲ ಅಂತ ಹೇಳಿದ್ರಲ್ಲ ಟೀಚರ್. ನಮ್ಮ ಹತ್ರ ಯಾವಾಗ ಕೇಳಿದ್ದು?"

ಸಿಟ್ಟಿನ ಪ್ರಶ್ನೆಯಲ್ಲ. ಬೇಸರದ್ದು.

"ಅಲ್ಲ... ನಿಮ್ಮನ್ನೆಲ್ಲ ಮನೆಯಲ್ಲಿ ಕಳಿಸುತ್ತಾರೋ ಇಲ್ಲವೋ ಅಂತ..."

"ಯಾರು ಕಳಿಸ್ಬೇಕು?" ಮಾಮಿ ತಲೆ ಎತ್ತಿದರು. "ಈ ಮನೆಯಲ್ಲಿ ಕಳಿಸುವವಳು ನಾನು. ಕೇಳಿದ್ರೆ ನಾನೇ ಮೊದಲು ಕಾರಿನಲ್ಲಿ ಕೂತ್ಕೊಳ್ತಿದ್ದೆ. ನಾನು ಹುಟ್ಟಿದ್ದು ಉಳ್ಳಾಲದಲ್ಲಿ, ಕಡಲಿನ ಬುಡದಲ್ಲೇ. ಅಬೂಬಕ್ಕರನ ಬಾಪ ತೀರಿದ ಮೇಲೆ ಒಂದು ಸಲ ಕಡಲು ನೋಡಿದ್ರೆ ಕೇಳಿ. ಮಗ ಅಲ್ಲಿ. ಮಕ್ಕಳಿಗೆ ಶಾಲೆ. ಕರ್ಕೊಂಡು ಹೋಗುವವರು ಯಾರು?" ಮತ್ತೆ ಬಂಗುಡೆಯ ಕಡೆ ತಲೆ ತಗ್ಗಿಸಿದರು. "ನಿಮ್ಮ ಕಾರು ದಿನಾ ಹೋಗುವುದು ನೋಡ್ತೇನೆ. ಹಿಂದಿನ ಸೀಟು ಯಾವಾಗ್ಲೂ ಖಾಲಿಯೇ ಇರ್ತದೆ. ಟೀಚರಿಗೆ ಒಬ್ರೇ ಹೋಗುವುದೇ ಇಷ್ಟ ಕಾಣ್ತದೆ ಅಂತ ಸುಮ್ಮನಿದ್ದೆ."

ಆಗಲಾದರೂ "ಬರುವ ಭಾನುವಾರ ಬನ್ನಿ" ಅನ್ನಬಹುದಿತ್ತು. ಮೂರೇ ಶಬ್ದ. ತುಟಿಯವರೆಗೆ ಬಂತು, ಆಚೆ ಬರಲಿಲ್ಲ. ಇಲ್ಲ ಅಂದರೆ? ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು, ಒಬ್ಬರನ್ನು ಬನ್ನಿ ಎಂದು ಕರೆಯುವ ಅಭ್ಯಾಸವನ್ನೇ ಕಳೆದುಕೊಂಡಿದ್ದೆ. "ಕತ್ತಲಾಯಿತು, ಬರುತ್ತೇನೆ" ಎಂದು ಎದ್ದು ಬಂದೆ.

ಮೊಸರು ಕಲಸಿಕೊಂಡು ಊಟಕ್ಕೆ ಕೂತಾಗ ಆಚೆ ಮನೆಯಲ್ಲಿ ಮೀನು ಕಾಯಿಸುವ ಸದ್ದು. ಇವತ್ತು ಅವರು ಕಿಟಕಿ ಹಾಕಿರಲಿಲ್ಲ. ನಾನೂ ಹಾಕಲಿಲ್ಲ. ಮಕ್ಕಳ ಗಲಾಟೆ, ಮಾಮಿಯ ಗದರಿಕೆ, ಪಾತ್ರೆಯ ಸದ್ದು ಎಲ್ಲ ನನ್ನ ಊಟದ ಮೇಜಿನ ತನಕ ಬಂತು. ತಟ್ಟೆ ಎದುರಿಗಿಟ್ಟುಕೊಂಡು ತುಂಬ ಹೊತ್ತು ಕೂತೆ.

ಜೊತೆಗೆ ಯಾರೂ ಬರುವುದಿಲ್ಲ, ಎಲ್ಲರಿಗೂ ಅವರವರ ಸಂಸಾರ, ಒಬ್ಬಳೇ ಇರುವವರ ಪಾಡು ಯಾರಿಗೂ ಬೇಡ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ನೀವೂ ಓದಿದಿರಿ. ಮನಸ್ಸಿಗೆ ತಟ್ಟಿತು ಎಂದು ಪತ್ರವನ್ನೂ ಬರೆದಿರಿ.

"ಅದೆಲ್ಲ ಸರಿ ಟೀಚರ್, ನೀವು ಯಾರನ್ನು ಕರೆದಿದ್ದಿರಿ?" ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಬಾರದಿತ್ತಾ ಮಾರಾಯ್ರೆ?